ಹನ್ನೊಂದನೇ ನಿಮಿಷ

ಭಾನುವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ, ಸೊಸೆ ಸ್ನಾನಕ್ಕೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ದೇವಮ್ಮ ಅಕ್ಕಿಯ ತಗಡಿನ ಡ್ರಮ್ಮನ್ನು ಅಡುಗೆಮನೆಯಿಂದ ಹಾಲಿಗೆ ಉರುಳಿಸಿಕೊಂಡು ಬಂದಳು. ಕಿಟಕಿಯ ಕೆಳಗಿನ ಗಿಡ್ಡ ಮೇಜಿನ ಮೇಲೆ ವೈಫೈ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು. ಅದರ ಮುಂದೆ ಡ್ರಮ್ಮನ್ನು ಒತ್ತಿ ನಿಲ್ಲಿಸಿ, ಮೇಲೆ ತಾನು ಹೊದೆಯುವ ಬಿಳಿ ಮುಂಡೊಂದನ್ನು ಹೊದಿಸಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು. ಯಾರೋ ಹೆಂಗಸು ಗೋಡೆಗೆ ಮುಖ ಮಾಡಿ ಕೂತಂತಿತ್ತು. ಪರವಾಗಿಲ್ಲ ಎನಿಸಿತು.

ಅರವತ್ತೆಂಟು ವರ್ಷದ ದೇವಮ್ಮನಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಆದರೆ ಅದನ್ನು ಕೆಡಿಸುವುದು ಹೇಗೆಂದು ಹುಬ್ಬತಲೈ ಹಟ್ಟಿಯಲ್ಲಿ ಅವಳಷ್ಟು ತಿಳಿದವರು ಯಾರೂ ಇರಲಿಲ್ಲ. ಕೊರೊನಾ ಕಾಲದಲ್ಲಿ ಮೊಮ್ಮಗಳು ಅಭಿನಯಾ ಇದೇ ಹಾಲಿನಲ್ಲಿ ಕೂತು ಒಂದೂವರೆ ವರ್ಷ ಆನ್‌ಲೈನ್ ಕ್ಲಾಸು ಕೇಳಿದ್ದಳು. ಆ ಒಂದೂವರೆ ವರ್ಷವೂ, ಅಜ್ಜಿಯನ್ನು ಹೆತ್ತೆ ಎಂದು ಕರೆಯುವ ಅವಳಿಂದ ದೇವಮ್ಮ ಬೈಸಿಕೊಂಡಿದ್ದಳು. ಡಬ್ಬಿಯ ಮುಂದೆ ತಗಡಿನ ಸಾಮಾನು ಇಡಬೇಡ ಹೆತ್ತೆ, ಸಿಗ್ನಲ್ ಬರಲ್ಲ. ಮೈಕ್ರೋವೇವ್ ಓವನ್ ಹಾಕಬೇಡ ಹೆತ್ತೆ, ಟೀಚರ್ ಮುಖ ನಿಂತುಹೋಗುತ್ತೆ. ಕಸ ಗುಡಿಸುವಾಗ ಕೆಂಪು ಸ್ವಿಚ್ಚಿಗೆ ಪೊರಕೆ ತಾಗಿಸಬೇಡ ಹೆತ್ತೆ. ಈಗ ಮೊಮ್ಮಗಳು ಕೊಯಮತ್ತೂರಿನ ಹಾಸ್ಟೆಲಿನಲ್ಲಿದ್ದಳು. ಅವಳು ಬಿಟ್ಟುಹೋದ ಬೈಗುಳಗಳೆಲ್ಲ ಅಜ್ಜಿಯ ತಲೆಯಲ್ಲಿ ಒಂದೂ ಕಳೆಯದೆ ಜೋಡಿಸಿಟ್ಟಂತೆ ಇದ್ದವು. ಅವುಗಳಿಗೂ ಒಂದು ದಿನ ಕೆಲಸ ಬರಬಹುದೆಂದು ಅವಳು ಅಂದುಕೊಂಡಿರಲಿಲ್ಲ.

ಕೆಲಸ ಬರಲು ಕಾರಣ ಹರಿಹರನ್ ಎಂಬ ಹುಡುಗ. ಕೊಯಮತ್ತೂರಿನಲ್ಲಿ ಅಡುಗೆ ಚಾನೆಲ್ ನಡೆಸುವವನು. ಮೂರು ವಾರದ ಹಿಂದೆ ಇಲ್ಲಿನ ಬಡಗರು ಅವರೆ ಉದಕ ಎಂಬ ಸಾರನ್ನು ಹೇಗೆ ಮಾಡುತ್ತಾರೆಂದು ತೋರಿಸಲು ಕ್ಯಾಮೆರಾ ಹೊತ್ತು ಬೆಟ್ಟ ಹತ್ತಿ ಬಂದಿದ್ದ. ದೇವಮ್ಮನ ಉದಕಕ್ಕೆ ಹಟ್ಟಿಯಲ್ಲಿ ಹೆಸರಿತ್ತು. ಪಕ್ಕದ ಮನೆಯ ಭೋಜನ್‌ನ ಹೆಂಡತಿ ಚಿನ್ನಿಗೂ ಇತ್ತು. ನಾಲ್ಕು ವರ್ಷದ ಹಿಂದೆ ಕೂನೂರಿನಲ್ಲಿ ಮಹಿಳಾ ಸಂಘಗಳ ಅಡುಗೆ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತ್ತು. ಹಾಗಾಗಿ ಇಬ್ಬರನ್ನೂ ಒಂದೇ ಅಡುಗೆಮನೆಯಲ್ಲಿ ನಿಲ್ಲಿಸಿ ಚಿತ್ರ ತೆಗೆದ.

ಅಡುಗೆ ಅರ್ಧವಾದಾಗ ಚಿನ್ನಿ ಕೊತ್ತಂಬರಿ ತರಲು ಹಿತ್ತಲಿಗೆ ಹೋದಳು. ಹರಿಹರನ್ ತಮಿಳಿನಲ್ಲಿ ಹೇಳಿದ: ಪಾಟ್ಟಿ, ಸುಮ್ಮನೆ ನಿಲ್ಲಬೇಡಿ, ನಿಮ್ಮ ಭಾಷೆಯಲ್ಲೇ ಏನಾದರೂ ಮಾತಾಡಿ, ನನಗೆ ದನಿ ಇದ್ದರೆ ಸಾಕು.

ಅಲ್ಲಿಯೇ ದೇವಮ್ಮ ಎಡವಿದ್ದು. ಈ ಬೆಟ್ಟದವರಿಗೆಲ್ಲ ಇರುವ ಒಂದು ನಂಬಿಕೆ ಅವಳಿಗೂ ಇತ್ತು. ತಮ್ಮ ಮಾತು ಬೇರೆಯವರಿಗೆ ತಿಳಿಯುವುದಿಲ್ಲ ಎಂಬ ನಂಬಿಕೆ. ಕೂನೂರಿನ ಸೀರೆ ಅಂಗಡಿಯಲ್ಲಿ ಅಂಗಡಿಯವನ ಮೂಗಿನ ಕೆಳಗೇ ಅವನ ಸೀರೆಯನ್ನೂ ಮೂಗನ್ನೂ ಬಡಗದಲ್ಲಿ ಜರೆದು, ಆಮೇಲೆ ತಮಿಳಿಗೆ ತಿರುಗಿ ಅಣ್ಣಾ ಎಂದು ನಗುವವರು ಇವರು. ಬಡಗದಲ್ಲಿ ಆಡಿದ್ದು ಬಾಗಿಲು ಹಾಕಿಕೊಂಡು ಆಡಿದಂತೆ. ಕ್ಯಾಮೆರಾದ ಕಪ್ಪು ಗಾಜು ಗೋಡೆಯಲ್ಲಿನ ತೂತಿನಂತೆ ಕಂಡಿತು. ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆ ತೂತಿನೊಳಗೆ ಸುರಿದುಬಿಟ್ಟಳು.

ಅದೇನೆಂದರೆ, ಸ್ಪರ್ಧೆಯಲ್ಲಿ ಗೆದ್ದ ಚಿನ್ನಿಯ ಮಸಾಲೆ ಹುಡಿ ಚಿನ್ನಿ ಹುರಿದದ್ದಲ್ಲ. ಮೇಟುಪಾಳಯದ ಅಂಗಡಿಯ ಪೊಟ್ಟಣ. ಮರುದಿನ ಖಾಲಿ ಪೊಟ್ಟಣವನ್ನು ಬೂದಿ ಗುಂಡಿಯಲ್ಲಿ ಕಂಡವಳು ದೇವಮ್ಮ. ಹಟ್ಟಿಯಲ್ಲಿ ಅಂಗಡಿ ಹುಡಿ ಹಾಕಿದರೆ ಹೆಣ್ಣು ಕೊಡಲೂ ಯೋಚಿಸುವಂಥ ಮುದುಕಿಯರು ಇನ್ನೂ ಇದ್ದರು. ಚಿನ್ನಿ ಅವಳ ಕೈ ಹಿಡಿದುಕೊಂಡು, ಇದು ನಿನ್ನ ಹೊಟ್ಟೆಯಲ್ಲೇ ಇರಲಿ ಅಕ್ಕಾ ಎಂದಿದ್ದಳು. ದೇವಮ್ಮ ಮಾತು ಕೊಟ್ಟಿದ್ದಳು.

ಕೊಡದೆ ಇರುವುದು ಹೇಗೆ? ಅವಳದೊಂದು ಗುಟ್ಟೂ ಚಿನ್ನಿಯ ಹತ್ತಿರ ಇತ್ತು. ಕೊರೊನಾ ಜ್ವರ ಬಂದುಹೋದಾಗ ದೇವಮ್ಮನ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಮಸಾಲೆ ಹುರಿಯುವುದು ಪೂರ್ತಿ ಮೂಗಿನ ಕೆಲಸ. ಅಂದಿನಿಂದ ಅವಳು ಹುರಿಯಲು ಕೂತ ದಿನ ಚಿನ್ನಿ ಏನಾದರೂ ನೆಪ ಹಿಡಿದು ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಹದ ಬಂದ ಗಳಿಗೆ ಒಮ್ಮೆ ಕೆಮ್ಮುತ್ತಿದ್ದಳು. ಕೆಮ್ಮಿದೊಡನೆ ದೇವಮ್ಮ ಬಾಣಲೆ ಇಳಿಸುತ್ತಿದ್ದಳು. ಸೊಸೆ ಭುವನಾಗೆ ಇದು ಗೊತ್ತಾದರೆ, ಇನ್ನು ನೀವು ಆರಾಮಾಗಿರಿ ಮಾಮಿ ಎಂದು ಬಲು ಪ್ರೀತಿಯಿಂದ ಸೌಟು ಕಸಿದುಕೊಳ್ಳುವಳು. ಪ್ರೀತಿಯಿಂದ ಕಸಿದುಕೊಂಡವರ ಹತ್ತಿರ ಜಗಳವಾಡಿ ವಾಪಸು ಪಡೆಯುವುದೂ ಕಷ್ಟ.

ಇಬ್ಬರೂ ವಾರಕ್ಕೆ ಮೂರು ದಿನ ಇವಳ ಟೀ ತೋಟ, ಮೂರು ದಿನ ಅವಳದು ಎಂದು ಒಟ್ಟಿಗೆ ಎಲೆ ಕೊಯ್ಯುತ್ತಿದ್ದರು. ಮೂವತ್ತು ವರ್ಷದಿಂದ ಹೀಗೇ. ಅಂಥವಳಿಗೆ ಕೊಟ್ಟ ಮಾತನ್ನು ದೇವಮ್ಮ ಗೋಡೆಯ ತೂತಿಗೆ ಹಾಕಿಬಿಟ್ಟಿದ್ದಳು. ಹಾಕಿದ್ದೇನೋ ಸರಿ, ಮರೆತೂಬಿಟ್ಟಿದ್ದಳು.

ಈವತ್ತು ಬೆಳಿಗ್ಗೆ ಹರಿಹರನ್ ಫೋನು ಮಾಡಿದ. ಸಂಜೆ ನಾಲ್ಕಕ್ಕೆ ವಿಡಿಯೋ ಬರುತ್ತದೆ ಪಾಟ್ಟಿ ಎಂದ. ನಿಮ್ಮ ಭಾಷೆಯ ಮಾತನ್ನು ಒಂದು ಅಕ್ಷರವೂ ಕತ್ತರಿಸಿಲ್ಲ, ಹನ್ನೊಂದನೇ ನಿಮಿಷದಲ್ಲಿ ಬರುತ್ತೆ, ಏನು ಇಂಪಾಗಿದೆ ಗೊತ್ತಾ ಎಂದ. ದೇವಮ್ಮ ಬಾಯಿ ತೆರೆಯುವಷ್ಟರಲ್ಲಿ, ಮದರಾಸಿನ ರೈಲಿನಲ್ಲಿದ್ದೇನೆ, ಸಿಗ್ನಲ್ ಹೋಗುತ್ತಿದೆ, ಆರು ಗಂಟೆಗೆ ಇಳಿದು ನಾನೇ ಮಾಡುತ್ತೇನೆ ಎಂದು ಇಟ್ಟುಬಿಟ್ಟ. ಆಮೇಲೆ ಹನ್ನೆರಡು ಸಲ ಮಾಡಿದರೂ ಸಿಗಲಿಲ್ಲ.

ಲಕ್ಷ ಜನ ನೋಡಲಿ, ಅವರಿಗೇನು ತಿಳಿಯುತ್ತದೆ. ಆದರೆ ಭೋಜನ್ ಟೀ ಎಲೆ ತೂಗುವ ಶೆಡ್ಡಿನಲ್ಲಿ ನಿಂತು ಸುದ್ದಿ ಸಾರಿಬಿಟ್ಟಿದ್ದ. ಹಟ್ಟಿಯಲ್ಲಿ ಫೋನಿನ ಸಿಗ್ನಲ್ ಕಡಿಮೆ. ಇಷ್ಟು ದೊಡ್ಡ ವಿಡಿಯೋ ಓಡುವುದು ದೇವಮ್ಮನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಅಂದರೆ ಭೂಮಿಯ ಮೇಲೆ ಆ ಮಾತು ಯಾರಿಗೆ ತಿಳಿಯುತ್ತದೋ ಅವರೆಲ್ಲ ನಾಲ್ಕು ಗಂಟೆಗೆ ಅವಳ ಹಾಲಿಗೇ ಬಂದು ಕೂರುವವರಿದ್ದರು. ಆರಕ್ಕೆ ಹರಿಹರನ್ ಸಿಗುವವರೆಗೆ ಹೇಗಾದರೂ ಮಾಡಿ ಹನ್ನೊಂದನೇ ನಿಮಿಷ ಬರದಂತೆ ನೋಡಿಕೊಳ್ಳಬೇಕು. ಆಮೇಲೆ ಅವನ ಕಾಲು ಹಿಡಿದಾದರೂ ಅಷ್ಟನ್ನು ಕತ್ತರಿಸುವಂತೆ ಮಾಡಬಹುದು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಹದಿನಾಲ್ಕು ಜನ ಬಂದರು. ಭೋಜನ್ ಕುರ್ಚಿಯನ್ನು ಕಂಪ್ಯೂಟರಿಗೆ ಮೂರಡಿ ದೂರಕ್ಕೆ ಎಳೆದುಕೊಂಡು ಕೂತ. ಉಳಿದವರು ಜಮಖಾನೆಯ ಮೇಲೆ. ಚಿನ್ನಿ ಎಲ್ಲರಿಗಿಂತ ಮುಂದೆ, ಕಂಪ್ಯೂಟರ್ ಮೇಜಿನ ಕಾಲಿಗೆ ಒರಗಿಕೊಂಡು ಕೂತಳು. ಹತ್ತಿರದಿಂದ ನೋಡಬೇಕೆಂಬ ಆಸೆ ಇರಬೇಕೆಂದು ದೇವಮ್ಮ ಅಂದುಕೊಂಡಳು.

ಭುವನಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ಟೀ ಫ್ಯಾಕ್ಟರಿಯ ಆಫೀಸಿನಲ್ಲಿ ವಾರಕ್ಕೆ ಆರು ದಿನ ಕೆಲಸ, ಏಳನೇ ದಿನ ಬಟ್ಟೆ ಒಗೆತ. ಆಕಳಿಸುತ್ತಲೇ ಕಂಪ್ಯೂಟರ್ ಹಾಕಿದಳು. ವಿಡಿಯೋ ಶುರುವಾಯಿತು, ಕೂನೂರಿನ ರಸ್ತೆ ಬಂತು, ತೋಟ ಬಂತು, ಹಟ್ಟಿಯ ಬಾಗಿಲು ಬಂತು. ಬಾಗಿಲು ತೆರೆಯುವ ಮೊದಲೇ ಚಿತ್ರ ನಿಂತು ನಡುವೆ ಒಂದು ಬಿಳಿ ಚಕ್ರ ತಿರುಗತೊಡಗಿತು. ದೇವಮ್ಮ ಮನಸ್ಸಿನಲ್ಲೇ ಅಕ್ಕಿ ಡ್ರಮ್ಮಿಗೆ ಕೈ ಮುಗಿದಳು.

ಭುವನಾ ಪುಟವನ್ನು ಮತ್ತೆ ತೆರೆದಳು. ಚಕ್ರ. ಚಿತ್ರದ ಗುಣಮಟ್ಟ ಇಳಿಸಿದಳು. ಇಳಿಸಿದ್ದೇ ತಡ, ಕುಂಟುತ್ತ ಓಡಿತು, ಆದರೆ ಮುಖಗಳೆಲ್ಲ ಕಲಸಿಹೋದವು. ಪರದೆಯೊಳಕ್ಕೂ ಮಂಜು ಇಳಿದಿದೆ ಎಂದು ಭೋಜನ್ ಅಂದ. ಆ ಮಂಜಿನಲ್ಲೇ ದೇವಮ್ಮ ಅವರೆ ಸುಲಿಯುವುದು ಕಂಡು ಎಲ್ಲರೂ ಸಂತೋಷಪಟ್ಟರು. ನಾಲ್ಕನೇ ನಿಮಿಷಕ್ಕೆ ಮತ್ತೆ ಚಕ್ರ.

ಎಲ್ಲರ ಫೋನಿನ ವೈಫೈ ಆರಿಸಿ ಎಂದಳು ಭುವನಾ. ಲಾಕ್‌ಡೌನಿನಲ್ಲಿ ಹಟ್ಟಿಯ ಮಕ್ಕಳೆಲ್ಲ ಈ ಮನೆಯ ಅಂಗಳದಲ್ಲಿ ಕೂತು ಪಾಠ ಕೇಳಿದ್ದರಿಂದ ಪಾಸ್‌ವರ್ಡು ಎಲ್ಲರ ಮನೆಯದೂ ಆಗಿತ್ತು. ಹದಿನಾಲ್ಕು ಫೋನುಗಳೂ ಹೊಸ್ತಿಲು ದಾಟುತ್ತಲೇ ತಮ್ಮಷ್ಟಕ್ಕೆ ತಾವು ಬಂದು ಸೇರಿಕೊಂಡಿದ್ದವು. ಹುಡುಕಿ, ತಡಕಿ, ಕನ್ನಡಕ ಕೇಳಿ, ಒಬ್ಬರದ್ದನ್ನು ಇನ್ನೊಬ್ಬರು ಆರಿಸಿಕೊಟ್ಟು ಮುಗಿಯುವಷ್ಟರಲ್ಲಿ ಹತ್ತು ನಿಮಿಷ. ಚಿನ್ನಿ ಮಾತ್ರ ತನ್ನ ಫೋನು ಮನೆಯಲ್ಲೇ ಇದೆಯೆಂದಳು. ಅವಳ ಮಡಿಲಲ್ಲಿ ಏನೋ ಬೆಳಕು ಮಿಂಚಿದಂತೆ ದೇವಮ್ಮನಿಗೆ ಕಂಡಿತು. ತನ್ನ ಚಿಂತೆಯಲ್ಲಿ ಅದನ್ನು ಹಚ್ಚಿಕೊಳ್ಳಲಿಲ್ಲ.

ಭುವನಾಳ ಕಣ್ಣು ಈಗ ಕಿಟಕಿಯ ಕಡೆ ಹೋಯಿತು.

“ಮಾಮಿ, ಅಕ್ಕಿ ಡ್ರಮ್ ಇಲ್ಲಿಗೆ ಯಾಕೆ ಬಂತು?”

“ಅಲ್ಲಿ ಇಲಿ.”

“ಇಲ್ಲಿಗೆ ಇಲಿ ಬರಲ್ವಾ?”

“ಇಷ್ಟು ಜನ ಇರುವಾಗ ಅದು ಹೇಗೆ ಬರುತ್ತೆ?” ಎಂದಳು ದೇವಮ್ಮ.

ಭುವನಾ ಡ್ರಮ್ಮನ್ನು ಉರುಳಿಸಿಕೊಂಡು ಹೋದಳು. ಚಿತ್ರ ತಿಳಿಯಾಯಿತು. ಐದನೇ ನಿಮಿಷ, ಆರನೇ ನಿಮಿಷ. ದೇವಮ್ಮ ಎದ್ದು, ಬಂದವರಿಗೆ ಪಫ್ಸ್ ಬಿಸಿ ಮಾಡಿ ತರುವೆನೆಂದು ಅಡುಗೆಮನೆಗೆ ನಡೆದಳು. ಓವನ್ನಿನಲ್ಲಿ ಬರೇ ನಾಲ್ಕು ಇಟ್ಟು ಗುಂಡಿ ತಿರುಗಿಸಿದಳು. ಓವನ್ ಗುಂಯ್ ಎಂದದ್ದೂ ಹಾಲಿನಲ್ಲಿ ಹದಿನಾಲ್ಕು ಜನ ಒಟ್ಟಿಗೆ ಛೆ ಎಂದದ್ದೂ ಒಂದೇ ಸಲ ಕೇಳಿಸಿತು. ಎಷ್ಟೋ ವರ್ಷದ ಮೇಲೆ ಯಾರೋ ತನ್ನ ಅಡುಗೆಯನ್ನು ಹೊಗಳಿದಂತಾಯಿತು ಅವಳಿಗೆ.

ಭುವನಾ ವೈಫೈ ಡಬ್ಬಿಯನ್ನು ಆರಿಸಿ ಮತ್ತೆ ಹಾಕಿದಳು. ಅದು ಕಣ್ಣು ಬಿಡಲು ಮೂರು ನಿಮಿಷ ತೆಗೆದುಕೊಂಡಿತು. ದೇವಮ್ಮ ಎರಡನೇ ಕಂತು ಇಟ್ಟಳು. ಭುವನಾ ಕಂಪ್ಯೂಟರಿನಲ್ಲಿ ತೆರೆದಿದ್ದ ಬೇರೆ ಪುಟಗಳನ್ನೆಲ್ಲ ಮುಚ್ಚಿ, ಹಳೆಯದೇನೇನೋ ತುಂಬಿಕೊಂಡದ್ದನ್ನು ಅಳಿಸಿದಳು. ದೇವಮ್ಮ ಮೂರನೇ ಕಂತು ಇಟ್ಟಳು. ಕಡೆಗೆ ಕಂಪ್ಯೂಟರೇ ತಾನಾಗಿ, ನನ್ನನ್ನು ಹೊಸದು ಮಾಡಿಕೊಳ್ಳುತ್ತೇನೆ, ಆರಿಸಬೇಡಿ ಎಂದು ನೀಲಿ ಪರದೆ ಹಾಕಿಕೊಂಡು ಕೂತಿತು. ಅಪ್‌ಡೇಟು ನೂರಕ್ಕೆ ಮೂರು, ನೂರಕ್ಕೆ ನಾಲ್ಕು. ಇಪ್ಪತ್ತೈದು ನಿಮಿಷ ಹಾಗೇ ಹೋಯಿತು. ಪಾಪ, ಅದು ಯಾರೂ ಕೇಳದೆ ಮಾಡಿದ ಉಪಕಾರ.

ಇಷ್ಟಾದರೂ ಒಬ್ಬರೂ ಏಳಲಿಲ್ಲ. ಟೀ ಕುಡಿಯದೆ ಎದ್ದುಹೋಗುವುದು ಹಟ್ಟಿಯಲ್ಲಿ ಮುಖಕ್ಕೆ ಹೊಡೆದಂತೆ, ಮತ್ತು ಟೀ ಬಂತೆಂದರೆ ಇನ್ನು ಹೊರಡಬಹುದೆಂದು ಅರ್ಥ. ದೇವಮ್ಮ ಇದನ್ನು ಯೋಚಿಸಿ, ಟೀ ಇಟ್ಟುಬಿಡಲಾ ಎಂದು ಎರಡು ಸಲ ಕೇಳಿದಳು. ವಿಡಿಯೋ ಮುಗಿಯಲಿ ಮಾಮಿ ಎಂದಳು ಭುವನಾ. ಅವಳ ದನಿಯಲ್ಲಿ ಈಗ ಆಕಳಿಕೆ ಇರಲಿಲ್ಲ. ಫ್ಯಾಕ್ಟರಿಯಲ್ಲಿ ತೂಕದ ಚೀಟಿ ತಾಳೆಯಾಗದಾಗ ಬರುವ ದನಿ ಅದು.

ಕಂಪ್ಯೂಟರ್ ಎದ್ದಿತು, ವಿಡಿಯೋ ಓಡಿತು, ದೇವಮ್ಮ ಹೋಗಿ ಓವನ್ ಹಾಕಿದಳು, ವಿಡಿಯೋ ನಿಂತಿತು. ಈ ಸಲ ಭುವನಾ ಯಾವ ಗುಂಡಿಯನ್ನೂ ಮುಟ್ಟದೆ ಕೈ ಕಟ್ಟಿ ಕಾದಳು. ಒಳಗೆ ಓವನ್ ಟಿಣ್ ಎಂದಿತು. ಪರದೆಯ ಮೇಲೆ ದೇವಮ್ಮ ಕೈಯಾಡಿಸತೊಡಗಿದಳು. ಭುವನಾ ಅಡುಗೆಮನೆಗೆ ಬಂದು, ಓವನ್ನಿನ ಪ್ಲಗ್ ಕಿತ್ತು, ವೈರನ್ನು ಮೊಣಕೈಗೆ ಸುತ್ತಿ ಮಡಿಚಿ ಓವನ್ನಿನ ತಲೆಯ ಮೇಲೆ ಇಟ್ಟಳು.

“ಪಫ್ಸ್ ತಣ್ಣಗಿದ್ದರೂ ಚೆನ್ನಾಗಿರುತ್ತೆ ಮಾಮಿ. ನೀವು ಬನ್ನಿ, ನನ್ನ ಪಕ್ಕ ಕೂತು ನೋಡಿ.”

ಆಮೇಲೆ ಅವಳು ಮಗಳ ಕಪಾಟಿನಿಂದ ಒಂದು ಉದ್ದ ನೀಲಿ ವೈರು ಹುಡುಕಿ ತೆಗೆದಳು. ಒಂದು ತುದಿ ವೈಫೈ ಡಬ್ಬಿಗೆ, ಇನ್ನೊಂದು ತುದಿ ನೇರ ಕಂಪ್ಯೂಟರಿಗೆ. ಇನ್ನು ಗಾಳಿಯ ಹಂಗಿಲ್ಲ, ಯಾರು ಏನು ಬಿಸಿ ಮಾಡಿದರೂ ನಡೆಯುತ್ತೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳುವಾಗ ಅತ್ತೆಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನೋಡಿದ್ದಕ್ಕಿಂತ ಹೆಚ್ಚಾಯಿತು.

ಚಿತ್ರ ಹೊಳೆಯಿತು. ಬಾಣಲೆಯೊಳಗಿನ ಕೊತ್ತಂಬರಿ ಬೀಜ ಎಣಿಸಬಹುದು, ಅಷ್ಟು ಸ್ಪಷ್ಟ. ಎಂಟು. ಒಂಬತ್ತು. ಸೊಸೆಯ ಪಕ್ಕ ಕಟ್ಟಿಹಾಕಿದಂತೆ ಕೂತ ದೇವಮ್ಮ ಗಡಿಯಾರ ನೋಡಿದಳು: ಐದೂಕಾಲು. ಕೆಂಪು ಸ್ವಿಚ್ಚು ಭುವನಾಳ ಆಚೆ ಕಾಲಿನ ಹತ್ತಿರ. ಇನ್ನು ಉಳಿದಿರುವುದು ತಲೆ ತಿರುಗಿ ಬೀಳುವುದೊಂದೇ. ಬೀಳುವುದಾದರೆ ಯಾವ ಕಡೆಗೆ ಬಿದ್ದರೆ ಸೊಂಟಕ್ಕೆ ಪೆಟ್ಟಾಗುವುದಿಲ್ಲವೆಂದು ಯೋಚಿಸುತ್ತಿರುವಾಗ ವಿಡಿಯೋ ನಿಂತಿತು.

ದೇವಮ್ಮ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಎರಡೂ ಮಡಿಲಲ್ಲೇ ಇದ್ದವು.

ಭುವನಾ ಬಗ್ಗಿ, ವೈರು ಸಡಿಲವಾಗಿದೆ ಎಂದು ಒತ್ತಿದಳು. ಓಡಿತು. ಅರ್ಧ ನಿಮಿಷಕ್ಕೆ ಮತ್ತೆ ನಿಂತಿತು. ಮತ್ತೆ ಒತ್ತಿದಳು. ಈ ಸಲ ದೇವಮ್ಮ ಪರದೆಯನ್ನು ಬಿಟ್ಟು ಮೇಜಿನ ಕೆಳಗೆ ನೋಡಿದಳು. ಅಲ್ಲಿ ಚಿನ್ನಿಯ ಬಲಗಾಲು ಸೆರಗಿನಡಿಯಿಂದ ಮೆಲ್ಲಗೆ ಹೊರಬಂದು, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ನೀಲಿ ವೈರನ್ನು ಸಿಕ್ಕಿಸಿಕೊಂಡು, ಟೀ ಚಿಗುರು ಚಿವುಟುವಷ್ಟೇ ಹಗುರವಾಗಿ ಎಳೆಯಿತು. ಚಿನ್ನಿಯ ಮುಖ ಮಾತ್ರ ದೇವರ ಮುಂದೆ ಕೂತಂತೆ ಪರದೆಯನ್ನೇ ನೋಡುತ್ತಿತ್ತು.

ದೇವಮ್ಮ ಅಂದುಕೊಂಡಳು: ಇವಳಿಗೆ ಗೊತ್ತಾಗಿಹೋಗಿದೆ. ಹೇಗೋ ಗೊತ್ತಾಗಿ, ನಾಲ್ಕು ಜನರ ಮುಂದೆ ಮಾನ ಉಳಿಸಿಕೊಳ್ಳಲು ಕಾಲಿನಲ್ಲಿ ವೈರು ಎಳೆಯುತ್ತಿದ್ದಾಳೆ. ಆ ಹೊತ್ತಿಗೆ ಚಿನ್ನಿ ಕತ್ತು ಹೊರಳಿಸಿದಳು. ಇಬ್ಬರ ಕಣ್ಣೂ ಸೇರಿದವು. ಆದರೆ ಚಿನ್ನಿಯ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗಿಯ ಗಾಬರಿ ಇತ್ತು. ದೇವಮ್ಮನಿಗೆ ಇದು ಅರ್ಥವಾಗಲಿಲ್ಲ.

ಭುವನಾ ಫೋನಿನ ಟಾರ್ಚು ಹಾಕಿಕೊಂಡು ಮೇಜಿನ ಕೆಳಗೆ ತೂರಿದಳು. ಒಂದು ವೈರು ನೋಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದಳು. ಹೊರಬಂದು ಸೀರೆಯ ದೂಳು ಕೊಡವಿ, ಭೋಜನ್ ಮಾಮ ಇರುವ ಕಡೆ ನೋಡಿದಳು, ಉಳಿದ ಹಿರಿಯರ ಕಡೆ ನೋಡಿದಳು. ಅಷ್ಟು ಜನರ ಮುಂದೆ ಅತ್ತೆಯ ವಯಸ್ಸಿನವರಿಗೆ ಏನೂ ಅನ್ನುವಂತಿರಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದಳು.

“ಮಾಮಿ, ಚಿನ್ನಿ ಮಾಮಿ, ಇಬ್ಬರೂ ಹೋಗಿ ಎಲ್ಲರಿಗೂ ಟೀ ಇಡಿ. ಒಲೆ ಮೇಲೆ. ನಾ ಕರೆಯೋವರೆಗೆ ಬರೋದು ಬೇಡ.”

ಇಬ್ಬರೂ ಎದ್ದರು. ಅವರ ಹಿಂದೆಯೇ ಅಡುಗೆಮನೆಯ ಬಾಗಿಲು ಮುಚ್ಚಿತು, ಚಿಲಕ ಬಿತ್ತು.

ಚಿನ್ನಿ ನೀರಿಟ್ಟಳು. ದೇವಮ್ಮ ಟೀ ಹುಡಿಯ ಡಬ್ಬಿ ಹಿಡಿದು ನಿಂತಳು. ಬಾಗಿಲಾಚೆ ವಿಡಿಯೋ ತಡೆಯಿಲ್ಲದೆ ಓಡುವುದು ಕೇಳುತ್ತಿತ್ತು. ಹರಿಹರನ್‌ನ ದನಿ, ಬಾಣಲೆಯ ಸದ್ದು, ಹಿತ್ತಲಿಗೆ ಹೋಗಿಬರುವೆನೆಂದು ಹೇಳುವ ಚಿನ್ನಿಯ ದನಿ. ಇನ್ನು ಅರ್ಧ ನಿಮಿಷ. ಹಾಲಿನಲ್ಲಿ ಕೂತವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದ ಕೇಳಲಿ ಎಂದು ದೇವಮ್ಮನಿಗೆ ಅನ್ನಿಸಿತು.

“ಚಿನ್ನಿ, ಆ ಪೊಟ್ಟಣದ ಸಂಗತಿ ನಾ ಹೇಳಿಬಿಟ್ಟೆ.”

“ಆರ ಹತ್ರ?”

“ಕ್ಯಾಮೆರಾ ಹತ್ರ. ನಂಗ ಮಾತಲ್ಲಿ. ಅವನಿಗೆ ಬಡಗ ಎಲ್ಲಿ ತಿಳೀತದೆ ಅಂದ್ಕಂಡೆ.”

ಚಿನ್ನಿ ತಿರುಗಿ ನೋಡಲಿಲ್ಲ. ನೀರು ಕುದಿಯುವುದನ್ನೇ ನೋಡುತ್ತ ನಿಂತಳು. ಬಾಗಿಲಾಚೆ ದೇವಮ್ಮನ ದನಿಯೊಂದೇ ಅಲ್ಲಿ ಆರಾಮಾಗಿ, ಕೈಯಾಡಿಸುತ್ತ, ಮೇಟುಪಾಳಯದ ಪೊಟ್ಟಣದ ಬಣ್ಣವನ್ನೂ ಬೂದಿ ಗುಂಡಿಯನ್ನೂ ವಿವರಿಸುತ್ತಿತ್ತು. ಆಮೇಲೆ ನಗೆ ಒಡೆಯಿತು. ಎಲ್ಲಕ್ಕಿಂತ ಜೋರಾಗಿ ನಕ್ಕವನು ಚಿನ್ನಿಯ ಗಂಡ. ನಾಲ್ಕು ವರ್ಷ ಆ ಬಹುಮಾನದ ಕುಕ್ಕರನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದವನು.

ಚಿನ್ನಿಯ ಕುತ್ತಿಗೆ ಕೆಂಪಾಯಿತು. ದೇವಮ್ಮ ಕಾದಳು. ಬೈದರೆ ಬೈಯಲಿ, ನಾಳೆಯಿಂದ ತೋಟಕ್ಕೆ ಬರಲ್ಲ ಅಂದರೆ ಅನ್ನಲಿ. ಚಿನ್ನಿ ಡಬ್ಬಿ ಕಸಿದುಕೊಂಡು ಮೂರು ಚಮಚೆ ಟೀ ಹುಡಿ ಹಾಕಿದಳು, ಎಣಿಕೆ ತಪ್ಪಿ ಇನ್ನೂ ಎರಡು ಹಾಕಿದಳು.

“ಹದಿನಾಲ್ಕನೇ ನಿಮಿಷ ಬರಲಿ ಅಕ್ಕಾ,” ಎಂದಳು.

“ಹದಿನಾಲ್ಕಲ್ಲಿ ಏನಿದೆ?”

“ಆ ಹುಡುಗ ನನಗೂ ಬೆಳಿಗ್ಗೆ ಫೋನು ಮಾಡಿ ಹೇಳಿದ. ಆವತ್ತು ನೀ ಅವರೆ ತೊಳೆಯೋಕೆ ನಲ್ಲಿಗೆ ಹೋಗಿದ್ದೆ. ಅವ ನನಗೂ ಮಾತಾಡು ಅಂದ. ನಂಗ ಮಾತಲ್ಲಿ.”

ದೇವಮ್ಮನ ಕೈ ತಾನಾಗಿಯೇ ಮೂಗಿಗೆ ಹೋಯಿತು. ಚಿನ್ನಿ ತಲೆಯಾಡಿಸಿದಳು.

ಅದಾದ ಮೇಲೆ ಇಬ್ಬರೂ ಒಲೆಯ ಎರಡು ಬದಿ ನಿಂತು ಮೂರು ನಿಮಿಷ ಕಾದರು. ಅಷ್ಟು ಉದ್ದದ ಮೂರು ನಿಮಿಷವನ್ನು ದೇವಮ್ಮ ಕಂಡಿರಲಿಲ್ಲ. ಬೈಯಬೇಕೆಂದಿತು ನಾಲಿಗೆ, ಬೈಯಲು ಬಾಯಿ ಇರಲಿಲ್ಲ. ಚಿನ್ನಿಗೂ ಅದೇ ತೊಂದರೆ. ಬಾಗಿಲಾಚೆ ಚಿನ್ನಿಯ ದನಿ ಬಂತು, ಕೆಮ್ಮು ಬಂತು, ಕೆಮ್ಮು ಯಾಕೆಂಬ ವಿವರಣೆ ಬಂತು. ನಗೆ ಮತ್ತೆ ಒಡೆಯಿತು.

“ನಿನ್ನದಕ್ಕೆ ಜಾಸ್ತಿ ನಕ್ಕರು,” ಎಂದಳು ದೇವಮ್ಮ.

“ಇಲ್ಲೆ, ನಿನ್ನದಕ್ಕೆ. ನನ್ನ ಗಂಡ ಒಬ್ಬನೇ ನಾಲ್ಕು ಜನದಷ್ಟು ನಕ್ಕ.”

ಭುವನಾಳ ನಗೆ ಮಾತ್ರ ಎರಡು ಸಲವೂ ಕೇಳಿಸಿರಲಿಲ್ಲವೆಂಬುದನ್ನು ದೇವಮ್ಮ ಗಮನಿಸಿದ್ದಳು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಇನ್ನು ಹೊರಗೆ ಹೋಗಿ ಆ ಹದಿನಾಲ್ಕು ಮುಖಗಳನ್ನು ನೋಡಬೇಕು. ಚಿನ್ನಿ ಲೋಟಗಳಿಗೆ ಟೀ ಸುರಿಯುತ್ತ, ಈಚೆಗೆ ತನ್ನ ಗಂಡ ಫೋನಿನಲ್ಲಿ ನೋಡಿ ಹೇಳಿದ್ದೊಂದನ್ನು ನೆನಪಿಸಿಕೊಂಡಳು. ಈಗ ಕಂಪ್ಯೂಟರೇ ಯಾರ ದನಿಯಲ್ಲಿ ಬೇಕಾದರೂ ಮಾತಾಡುತ್ತದಂತೆ. ಸತ್ತವರ ದನಿಯಲ್ಲೂ ಹಾಡಿಸುತ್ತಾರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭುವನಾ ಚಿಲಕ ತೆಗೆದಳು. ಒಬ್ಬಳು ತಟ್ಟೆ, ಇನ್ನೊಬ್ಬಳು ಸಕ್ಕರೆ ಡಬ್ಬಿ ಹಿಡಿದು ಹೊರಬಂದರು. ಭೋಜನ್ ಕಣ್ಣೊರೆಸಿಕೊಳ್ಳುತ್ತ, ಪೊಟ್ಟಣ ಯಾವ ಅಂಗಡಿಯದು ಎಂದು ಹೆಂಡತಿಯನ್ನು ಕೇಳಿದ. ಯಾವ ಪೊಟ್ಟಣ ಎಂದಳು ಚಿನ್ನಿ. ದೇವಮ್ಮನ ಮೂಗಿನ ಬಗ್ಗೆ ನೀನೇ ಹೇಳಿದೆಯಲ್ಲ ಎಂದರೆ, ನಾನೆಲ್ಲಿ ಹೇಳಿದೆ ಎಂದಳು. ದೇವಮ್ಮ ಬಹಳ ಬೇಸರದಿಂದ, ಆ ಕೊಯಮತ್ತೂರು ಹುಡುಗ ನಮ್ಮ ಬಾಯಲ್ಲಿ ಏನೇನು ಹಾಕಿದ್ದಾನೋ ಎಂದಳು. ನಾವು ಆಡಿದ್ದು ಮಳೆ, ಬೆಳೆ, ಎಲೆಯ ರೇಟು. ಉಳಿದದ್ದೆಲ್ಲ ಕಂಪ್ಯೂಟರ್ ಮಾಡಿದ್ದು.

ಭೋಜನ್ ಭುವನಾಳ ಕಡೆ ತಿರುಗಿದ. ಹಟ್ಟಿಯಲ್ಲಿ ಕಂಪ್ಯೂಟರಿನ ವಿಷಯಕ್ಕೆ ಅವಳ ಮಾತೇ ಕೊನೆ.

“ಹಾಗೆಲ್ಲ ಆಗುತ್ತಾ ಭುವನಾ?”

ಭುವನಾ ಅತ್ತೆಯನ್ನು ನೋಡಿದಳು. ಈಗ ನೇರವಾಗಿಯೇ ನೋಡಿದಳು. ಅಕ್ಕಿ ಡ್ರಮ್ಮು, ಓವನ್ನು, ಕಾಲ ಬೆರಳು, ಒಂದು ಭಾನುವಾರದ ಮಧ್ಯಾಹ್ನ ಪೂರ್ತಿ ಆ ನೋಟದಲ್ಲಿತ್ತು. ಅದರ ಹಿಂದೆ ಬೇರೇನೋ ಇತ್ತು. ಇಷ್ಟು ವರ್ಷ ಮೂಗಿಲ್ಲದೆ ಬಡಿಸಿದ್ದನ್ನು ತಾನು ತಟ್ಟೆ ನೆಕ್ಕಿ ತಿಂದದ್ದನ್ನು ಲೆಕ್ಕ ಹಾಕುತ್ತಿರುವಂತೆ. ದೇವಮ್ಮ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಆಗುತ್ತೆ ಮಾಮ,” ಎಂದಳು ಭುವನಾ. “ಈಗ ಎಲ್ಲಾ ಆಗುತ್ತೆ. ಕಂಪ್ಯೂಟರೇ ಮಾತಾಡುತ್ತೆ, ಕಂಪ್ಯೂಟರೇ ಕೆಮ್ಮುತ್ತೆ.”

ದೇವಮ್ಮನ ಎದೆಯಿಂದ ಕಲ್ಲು ಇಳಿಯಿತು. ಆದರೆ ಭೋಜನ್ ಕುರ್ಚಿಯಿಂದ ಏಳಲಿಲ್ಲ. ಟೀ ಲೋಟ ತೆಗೆದುಕೊಂಡು, ಕಂಪ್ಯೂಟರಿಗೆ ಇನ್ನೂ ಒಂದಡಿ ಹತ್ತಿರ ಎಳೆದುಕೊಂಡ.

“ಹಾಗಾದರೆ ಇನ್ನೊಂದು ಸಲ ಹಾಕು. ಏನು ಚೆನ್ನಾಗಿ ಮಾಡಿದೆ ನೋಡಬೇಕು.”

ಎಲ್ಲರೂ ಹೂಂ ಎಂದರು. ಟೀ ಬಂದರೂ ಒಬ್ಬರೂ ಹೊರಡುವ ಹಾಗೆ ಕಾಣಲಿಲ್ಲ. ಭುವನಾ ವಿಡಿಯೋವನ್ನು ಹನ್ನೊಂದನೇ ನಿಮಿಷಕ್ಕೆ ತಂದು, ಗುಣಮಟ್ಟವನ್ನು ಎಲ್ಲಕ್ಕಿಂತ ಮೇಲಕ್ಕೆ ಏರಿಸಿ, ದನಿ ಹೆಚ್ಚಿಸಿದಳು. ಅದು ಒಂದು ಕ್ಷಣವೂ ನಿಲ್ಲದೆ ಓಡಿತು. ಹೋಗಲು ಜಾಗವಿಲ್ಲದೆ ದೇವಮ್ಮ ಜಮಖಾನೆಯ ತುದಿಯಲ್ಲಿ ಕೂತಳು. ಚಿನ್ನಿ ಬಂದು ಪಕ್ಕದಲ್ಲೇ ಕೂತಳು. ಪರದೆಯ ಮೇಲಿನ ದೇವಮ್ಮ ಬೂದಿ ಗುಂಡಿಯ ಹತ್ತಿರ ಬಗ್ಗಿದ್ದನ್ನು ಕೈ ಮಾಡಿ ತೋರಿಸುತ್ತಿದ್ದಳು. ಎಷ್ಟು ನಿಜವಾಗಿದೆ, ಆ ಕೈ ನೋಡು, ಥೇಟ್ ದೇವಮ್ಮಕ್ಕನದೇ ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು.

ಬಾಗಿಲಾಚೆಯಿಂದ ಅರೆಬರೆ ಕೇಳಿದ್ದ ಮಾತುಗಳನ್ನು ಚಿನ್ನಿ ಈಗ ಪೂರ್ತಿ ಕೇಳಿದಳು. ಮುಗಿದ ಮೇಲೆ ಟೀ ಲೋಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಪಕ್ಕದವಳಿಗೆ ಮಾತ್ರ ಕೇಳುವಂತೆ ಹೇಳಿದಳು.

“ನಿನ್ನ ಹೊಟ್ಟೆಕಿಚ್ಚನ್ನ ಕಂಪ್ಯೂಟರ್ ಚೆನ್ನಾಗಿ ಹಿಡಿದದೆ ಅಕ್ಕಾ.”

“ನಿನ್ನದು ಬರಲಿ ಇರು,” ಎಂದಳು ದೇವಮ್ಮ.